ಆಕಾಶಗಂಗೆಯ ಗಾಮಾ ಕಿರಣಗಳು

ಬೇಸಗೆಯ ಅಮಾವಾಸ್ಯೆಯ ನಡುರಾತ್ರಿ ಬಯಲಿನಲ್ಲಿ ನಿಂತು ತಲೆಯೆತ್ತಿದರೆ ಆಕಾಶಗಂಗೆಯ ಬಿಳಿಯ ಪಟ್ಟಿ ಕಾಣುತ್ತದೆ. ಗಾಮಾ ಕಿರಣಗಳಲ್ಲಿಯೂ ಅದೇ ಪಟ್ಟಿಯೇ ಬೆಳಗುತ್ತದೆ. ಆದರೆ ಆ ಬೆಳಕಿನ ಬಹುಭಾಗ ನಕ್ಷತ್ರಗಳದ್ದಲ್ಲ. ಅವುಗಳ ನಡುವೆ ಬರಿದೆಂದು ತೋರುವ ಅವಕಾಶದ್ದು.

ವಾಸ್ತವವಾಗಿ ಅದು ಬರಿದಲ್ಲ. ಅಲ್ಲಿ ಹರಡಿರುವ ಅನಿಲ ಮುಖ್ಯವಾಗಿ ಜಲಜನಕ. ಘನ ಸೆಂಟಿಮೀಟರಿಗೆ ಸರಾಸರಿ ಸುಮಾರು ಒಂದು ಪರಮಾಣು. ಇದರ ನಡುವೆ ವಿಶ್ವಕಿರಣಗಳು ಧಾವಿಸುತ್ತಿರುತ್ತವೆ. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಕಿಲೋಮೀಟರಿಗೂ ಮೇಲೇರಿ ಇವುಗಳ ಇರವನ್ನು ಕಂಡುಹಿಡಿದರು. ಹೆಸರು ಕಿರಣವಾದರೂ ಇವು ಕಣಗಳು, ಬಹುಪಾಲು ಪ್ರೋಟಾನುಗಳು. ವಿದ್ಯುದಾವೇಶವುಳ್ಳ ಇವುಗಳ ದಾರಿಯನ್ನು ಆಕಾಶಗಂಗೆಯ ಕಾಂತಕ್ಷೇತ್ರ ಮತ್ತೆ ಮತ್ತೆ ತಿರುಚುವುದರಿಂದ, ಭೂಮಿಗೆ ಬಂದ ಕಣವನ್ನು ‘ನಿನ್ನ ಊರು ಯಾವುದು?’ ಎಂದು ಕೇಳಿ ಫಲವಿಲ್ಲ. ಬಂದ ದಿಕ್ಕೇ ಹುಟ್ಟಿದ ದಿಕ್ಕೆನ್ನುವಂತಿಲ್ಲ.

ಇಲ್ಲಿಯೇ ಗಾಮಾ ಕಿರಣಗಳ ಸಾಕ್ಷ್ಯ ಬೇಕಾಗುತ್ತದೆ. ಅತಿವೇಗದ ಪ್ರೋಟಾನು ಅನಿಲದ ಪರಮಾಣುಬೀಜಕ್ಕೆ ಬಡಿದಾಗ ಪಯಾನುಗಳೆಂಬ ಅಲ್ಪಾಯುಷಿ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಆವೇಶವಿಲ್ಲದ ಪಯಾನಿನ ಸರಾಸರಿ ಆಯುಸ್ಸು ಸೆಕೆಂಡಿನ ಕೋಟಿಯ ಕೋಟಿಯಲ್ಲೊಂದು ಭಾಗಕ್ಕಿಂತಲೂ ಬಹಳ ಕಡಿಮೆ. ಅದು ಅಳಿಯುವಾಗ ಸಾಮಾನ್ಯವಾಗಿ ಎರಡು ಗಾಮಾ ಕಿರಣಗಳು ಹೊರಡುತ್ತವೆ. ಇವಕ್ಕೆ ಆವೇಶವಿಲ್ಲ, ಕಾಂತಕ್ಷೇತ್ರಕ್ಕೆ ಬಾಗದೆ, ಡಿಕ್ಕಿ ನಡೆದ ಸ್ಥಳದಿಂದ ನೇರವಾಗಿ ಬರುತ್ತವೆ. (ಇಂಥ ಡಿಕ್ಕಿಗಳು ನಮ್ಮ ವಾತಾವರಣದಲ್ಲಿಯೂ ನಡೆಯುತ್ತವೆ. ಆಗ ಹುಟ್ಟುವ ಆವೇಶಯುಕ್ತ ಪಯಾನು ಮೊದಲಾದವು ಅಳಿದು ಕೊಡುವ ನ್ಯೂಟ್ರಿನೋಗಳನ್ನೇ 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಗುರುತಿಸಿದ್ದು.)

ಆಕಾಶಗಂಗೆಯ ಈ ಗಾಮಾ ಬೆಳಕನ್ನು ಜಪಾನಿನ ಹಯಾಕಾವಾ 1952ರಲ್ಲಿಯೇ ಊಹಿಸಿದ್ದರು. ಆದರೆ ವಾತಾವರಣ ಗಾಮಾ ಕಿರಣಗಳನ್ನು ನೆಲಕ್ಕೆ ಬಿಡದು; ಉಪಗ್ರಹಕ್ಕಾಗಿ ಕಾಯಬೇಕಾಯಿತು. 1967ರಲ್ಲಿ ಹಾರಿದ ಅಮೆರಿಕದ ಓಎಸ್ಓ–3 ಆಗಸದಿಂದ ಹಿಡಿದ ಗಾಮಾ ಕಿರಣಗಳು ಒಟ್ಟು 621. ಒಂದು ಹಿಡಿ ರಾಗಿಯಲ್ಲಿ ಇದಕ್ಕಿಂತ ಹೆಚ್ಚು ಕಾಳುಗಳಿರುತ್ತವೆ! ಆದರೂ ಅವು ಆಕಾಶಗಂಗೆಯ ಪಟ್ಟಿಯಲ್ಲಿ, ಅದರಲ್ಲಿಯೂ ಕೇಂದ್ರದ ಕಡೆ, ದಟ್ಟವಾಗಿದ್ದವು.

ಗಾಮಾ ಬೆಳಕಿನ ಪ್ರಮಾಣ ಅನಿಲವನ್ನೂ ವಿಶ್ವಕಿರಣಗಳನ್ನೂ ಅವಲಂಬಿಸಿದೆ. ರೇಡಿಯೋ ದೂರದರ್ಶಕಗಳು 21 ಸೆಂಟಿಮೀಟರ್ ಮೊದಲಾದ ಅಲೆಗಳ ಮೂಲಕ ಅನಿಲವನ್ನು ಅಳೆದುಕೊಟ್ಟರೆ, ದೂರದ ವಿಶ್ವಕಿರಣಗಳ ಲೆಕ್ಕ ಕೈಗೆ ಸಿಗುತ್ತದೆ.

ಒಂದು ತೊಡಕು ಉಳಿದಿತ್ತು. ಎಲೆಕ್ಟ್ರಾನುಗಳೂ ಗಾಮಾ ಕಿರಣಗಳನ್ನು ಉಂಟುಮಾಡಬಲ್ಲವು. ಹಾಗಾದರೆ ಮೂಲಸ್ಥಾನಗಳಲ್ಲಿ ಪ್ರೋಟಾನುಗಳಿವೆಯೆನ್ನಲು ಆಧಾರವೇನು? 2008ರಲ್ಲಿ ಹಾರಿದ ಫರ್ಮಿ ದೂರದರ್ಶಕ ಐಸಿ 443, ಡಬ್ಲ್ಯು 44 ಎಂಬ ಸೂಪರ್ನೋವಾ ಅವಶೇಷಗಳನ್ನು ವರ್ಷಗಟ್ಟಲೆ ನೋಡಿತು. ಪಯಾನಿನಿಂದ ಹುಟ್ಟಿದ ಬೆಳಕು ಕಡಿಮೆ ಶಕ್ತಿಯ ಕಡೆ ಕಡಿದಾಗಿ ಇಳಿಯಬೇಕು. ಎರಡರಲ್ಲಿಯೂ ಆ ಇಳಿತವೇ ಕಂಡಿತೆಂದು 2013ರಲ್ಲಿ ಪ್ರಕಟವಾಯಿತು. ಸಿಡಿದ ನಕ್ಷತ್ರದ ಅವಶೇಷ ಪ್ರೋಟಾನುಗಳಿಗೆ ವೇಗ ಕೊಡುತ್ತದೆ ಎಂಬುದಕ್ಕೆ ಅದು ನೇರವಾದ ಆಧಾರ.