ಟ್ರ್ಯಾಕ್ಟರಿನ ಬ್ಯಾಟರಿ: ದೋಷ ಎಲ್ಲಿದೆ ಎಂದು ತಿಳಿಯುವ ಬಗೆ

ರೋಹಿಣಿ ಮಳೆ ಬಿದ್ದು ಹೊಲ ಹದಕ್ಕೆ ಬಂದ ದಿನವೇ ಟ್ರ್ಯಾಕ್ಟರು ಸ್ಟಾರ್ಟ್ ಆಗದಿದ್ದರೆ ಬಿತ್ತನೆಯ ಹದ ತಪ್ಪುತ್ತದೆ. ಆಗ ಅನೇಕ ರೈತರು ಅವಸರದಿಂದ ಹೊಸ ಬ್ಯಾಟರಿ ಕೊಳ್ಳುವುದುಂಟು. ದೋಷವು ಚಾರ್ಜು ಮಾಡುವ ಭಾಗದಲ್ಲಿದ್ದರೆ ಹೊಸ ಬ್ಯಾಟರಿಯೂ ಬೇಗನೆ ಖಾಲಿಯಾಗುತ್ತದೆ. ಆದ್ದರಿಂದ ಕೆಳಗಿನ ಕ್ರಮದಲ್ಲಿ ಪರೀಕ್ಷಿಸುವುದು ಲೇಸು.

1. ಟರ್ಮಿನಲ್‌ಗಳು: ಇವುಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ವಿದ್ಯುತ್ತು ಸರಿಯಾಗಿ ಹರಿಯದು. ಎಂಜಿನ್ ನಿಲ್ಲಿಸಿ, ಮೊದಲು ಅರ್ಥ್ ತಂತಿ, ಅನಂತರ ಇನ್ನೊಂದು ತಂತಿ ಬಿಚ್ಚಿ. ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒರೆಸಿ, ಬಿಗಿಯಾಗಿ ಕಟ್ಟಿ ವ್ಯಾಸಲೀನ್ ಸವರಿ. ಜೋಡಿಸುವಾಗ ಅರ್ಥ್ ತಂತಿ ಕೊನೆಗಿರಲಿ. ಸೋಡಾ ನೀರು ಸೆಲ್ಲುಗಳೊಳಗೆ ಹೋಗಕೂಡದು.

2. ದೀಪದ ಪರೀಕ್ಷೆ: ದೀಪ ಹಾಕಿ ಸೆಲ್ಫ್ ಒತ್ತಿ. ದೀಪ ತೀರ ಮಂಕಾದರೆ ಬ್ಯಾಟರಿ ಸೊರಗಿರಬಹುದು ಅಥವಾ ಜೋಡಣೆ ಸಡಿಲವಾಗಿರಬಹುದು. ದೀಪ ಮಂಕಾಗದೆ, ಎಂಜಿನ್ನೂ ತಿರುಗದಿದ್ದರೆ ಸ್ಟಾರ್ಟರ್ ಅಥವಾ ಸ್ವಿಚ್ಚಿನ ಕಡೆ ನೋಡಬೇಕು.

3. ನಿಂತಾಗಿನ ವೋಲ್ಟೇಜು: ರಾತ್ರಿಯೆಲ್ಲಾ ನಿಂತ ಟ್ರ್ಯಾಕ್ಟರಿನಲ್ಲಿ ಬೆಳಿಗ್ಗೆ ಅಳೆಯಿರಿ. 12 ವೋಲ್ಟಿನ ಬ್ಯಾಟರಿಯಲ್ಲಿ ಸುಮಾರು 12.6 ಇದ್ದರೆ ಪೂರ್ಣ ಚಾರ್ಜು; 12.2 ಇದ್ದರೆ ಅರ್ಧ. 12ಕ್ಕಿಂತ ಕಡಿಮೆಯಾದರೆ ಬಹುತೇಕ ಖಾಲಿ. ಖಾಲಿಯಾದುದನ್ನು ಪೂರ್ತಿ ಚಾರ್ಜು ಮಾಡಿಸಿ, ಅರ್ಥ್ ತಂತಿ ಬಿಚ್ಚಿ ಒಂದು ರಾತ್ರಿ ಬಿಡಿ. ಆಗಲೂ ಇಳಿದರೆ ದೋಷ ಬ್ಯಾಟರಿಯದು. ತಂತಿ ಜೋಡಿಸಿದಾಗ ಮಾತ್ರ ಇಳಿದರೆ ವೈರಿಂಗ್‌ನಲ್ಲಿ ಎಲ್ಲೋ ವಿದ್ಯುತ್ತು ಸೋರುತ್ತಿದೆ.

4. ಸೆಲ್ಲುಗಳು: ಮುಚ್ಚಳ ತೆರೆಯಬಹುದಾದ ಬ್ಯಾಟರಿಯಾದರೆ ಚಾರ್ಜಾದ ಮೇಲೆ ಆರೂ ಸೆಲ್ಲುಗಳನ್ನು ಹೈಡ್ರೋಮೀಟರಿನಿಂದ ನೋಡಿ. ಒಂದು ಸೆಲ್ಲಿನ ಅಳತೆ ಉಳಿದವುಗಳಿಗಿಂತ 0.050ರಷ್ಟು ಕಡಿಮೆಯಿದ್ದರೆ ಆ ಸೆಲ್ಲು ಕೆಟ್ಟಿರುವ ಸಂಭವವೇ ಹೆಚ್ಚು. ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ಬಾವಿಯ ನೀರಾಗಲಿ ಆಸಿಡ್ ಆಗಲಿ ಬೇಡ.

5. ಚಾರ್ಜಾಗುತ್ತಿದೆಯೇ?: ಎಂಜಿನ್ನನ್ನು ಮಧ್ಯಮ ವೇಗದಲ್ಲಿ ಓಡಿಸಿ ಬ್ಯಾಟರಿಯ ಮೇಲೆ ಅಳೆಯಿರಿ. ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ವೋಲ್ಟೇಜು ಏರದಿದ್ದರೆ ಮೊದಲು ಫ್ಯಾನ್ ಬೆಲ್ಟ್ ನೋಡಿ. ಅದು ಸಡಿಲವಾಗಿದ್ದರೆ ಬಿಗಿಗೊಳಿಸಿ. ಬೆಲ್ಟ್ ಸರಿಯಿದ್ದರೆ ಆಲ್ಟರ್ನೇಟರ್ ಮತ್ತು ರೆಗ್ಯುಲೇಟರನ್ನು ಪರೀಕ್ಷೆ ಮಾಡಿಸಿ. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಕೆಟ್ಟಿರಬಹುದು; ಬ್ಯಾಟರಿಯ ನೀರು ಪದೇ ಪದೇ ಬತ್ತುವುದು ಇದರ ಸೂಚನೆ.

ಎಚ್ಚರಿಕೆ: ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲವು ಕಿಡಿ ತಗಲಿದರೆ ಸಿಡಿಯುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಸುತರಾಂ ಕೂಡದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಬಿಚ್ಚಿ ನೋಡುವ ಅಭ್ಯಾಸ ಬಿಡಿ, ಆಲ್ಟರ್ನೇಟರ್ ಸುಟ್ಟುಹೋದೀತು. ಆಸಿಡ್ ಕಣ್ಣಿಗೆ ಸಿಡಿದರೆ ಧಾರಾಳ ನೀರಿನಿಂದ ತೊಳೆದು ಕೂಡಲೇ ವೈದ್ಯರನ್ನು ಕಾಣಿರಿ.

ಈ ಪರೀಕ್ಷೆಗಳನ್ನು ಮುಂಗಾರಿಗೆ ಮುಂಚೆ, ಬಿಡುವಿನ ಕಾಲದಲ್ಲಿಯೇ ಮಾಡಿಟ್ಟುಕೊಂಡರೆ ಬಿತ್ತನೆಯ ದಿನ ಪರದಾಡಬೇಕಾಗಿಲ್ಲ.