ಮನೋರೋಗದಿಂದ ಚೇತರಿಸಿಕೊಂಡವರಿಗೆ ಉದ್ಯೋಗ: ಉದ್ಯಮಿಗಳಾದ ನಮ್ಮ ಹೊಣೆಯೂ ಲೆಕ್ಕವೂ



ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ತೆರಿಗೆ, ಬ್ಯಾಂಕ್ ಸಾಲ, ಲೆಕ್ಕಪತ್ರಗಳ ನಿರ್ವಹಣೆ ಮುಂತಾದ ವಿಷಯಗಳನ್ನು ಚರ್ಚಿಸುತ್ತ ಬಂದಿದ್ದೇವೆ. ಈ ಸಂಚಿಕೆಯಲ್ಲಿ ತುಸು ಬೇರೆಯಾದ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಆದರೆ ಕಡೆಯವರೆಗೆ ಓದಿದವರಿಗೆ ಇದೂ ನಮ್ಮ ಜಮಾ-ಖರ್ಚಿನ ವಿಷಯವೇ ಎಂಬುದು ಮನವರಿಕೆಯಾದೀತು.

ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನನ್ನ ಕಚೇರಿಯಲ್ಲಿ ಬಿ.ಕಾಂ. ಪದವೀಧರನಾದ ಯುವಕನೊಬ್ಬ ಕೆಲಸಕ್ಕಿದ್ದ. ಬ್ಯಾಂಕ್ ಪುಸ್ತಕದ ತಾಳೆ ನೋಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತಿಂಗಳಿಗೊಮ್ಮೆ ರಜೆ ಪಡೆದು ಮಿರಜಕ್ಕೆ ಹೋಗಿಬರುತ್ತಿದ್ದ. ಕಾರಣ ಕೇಳಿದಾಗ, ತನಗೆ ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಎಂಬ ಕಾಯಿಲೆ ಇದೆಯೆಂದೂ ಅದಕ್ಕಾಗಿ ಔಷಧ ಸೇವಿಸುತ್ತಿರುವೆನೆಂದೂ ನನಗೊಬ್ಬನಿಗೇ ತಿಳಿಸಿದ. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಅಷ್ಟರಿಂದಲೇ ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿದೆ. ಆ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ತೆರಿಗೆ ಲೆಕ್ಕಪರಿಶೋಧನೆಯ ಗಡುವು ಸಮೀಪಿಸಿದಾಗ ಉಳಿದವರಂತೆ ಅವನನ್ನೂ ಐದಾರು ರಾತ್ರಿ ಒಂದು ಗಂಟೆಯವರೆಗೆ ಕೂರಿಸಿಕೊಂಡೆ. ಹತ್ತು ದಿನಗಳಲ್ಲಿ ಅವನು ಆಸ್ಪತ್ರೆ ಸೇರಿದ.

ಎರಡು ತಿಂಗಳ ನಂತರ ಅವನ ತಂದೆ ನನ್ನ ಮುಂದೆ ಬಂದು ಕುಳಿತು, "ಸಾಹೇಬ್ರ, ಹುಡುಗನ ಗುಳಿಗಿ ತಪ್ಪಿಲ್ರಿ, ನಿದ್ದಿ ತಪ್ಪೈತ್ರಿ" ಎಂದರು. ಮರಳಿ ಕೆಲಸಕ್ಕೆ ಸೇರಿಸಿಕೊಳ್ಳುವಂತೆ ಕೋರಿದರು. "ಸ್ವಲ್ಪ ದಿನ ನೋಡೋಣ" ಎಂದೆ. ನಮ್ಮ ವ್ಯವಹಾರದಲ್ಲಿ ಆ ಮಾತಿಗೆ 'ಇಲ್ಲ' ಎಂದೇ ಅರ್ಥ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಈ ಲೇಖನ ಆ ದಿನ ನಾನು ಕೊಡಬೇಕಾಗಿದ್ದ ಉತ್ತರ.

ಸಮಸ್ಯೆಯ ಗಾತ್ರ

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆ ಇತ್ತು. ಸ್ಕಿಜೋಫ್ರೇನಿಯಾದಂತಹ ತೀವ್ರ ಸ್ವರೂಪದ ಕಾಯಿಲೆಗಳ ಪ್ರಮಾಣ ಶೇ. 0.8. ಅಂಕಿ ಚಿಕ್ಕದೆನಿಸಬಹುದು. ಆದರೆ ಹತ್ತು ಸಾವಿರ ವಯಸ್ಕರಿರುವ ಊರಿನಲ್ಲಿ ಅದು ಎಂಬತ್ತು ಜನ. ಅಂದರೆ ಎಂಬತ್ತು ಮನೆಗಳು. ಶಿರಗುಪ್ಪಿಯಿಂದ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳವರೆಗೆ ಲೆಕ್ಕ ಹಾಕಿದರೆ ನಮ್ಮಲ್ಲಿ ಅನೇಕರ ಮನೆ, ಬೀಗರ ಮನೆ ಅಥವಾ ಕಾರ್ಮಿಕರ ಮನೆ ಆ ಲೆಕ್ಕದೊಳಗೆ ಬರುತ್ತದೆ.

ಹಿಂದೆ ಒಕ್ಕಲುತನದ ಮನೆಗಳಲ್ಲಿ ಇಂಥವರಿಗೂ ಒಂದು ಕೆಲಸ ಸಿಗುತ್ತಿತ್ತು. ಮನಸ್ಸು ನೆಟ್ಟಗಿದ್ದ ದಿನ ಹೊಲ, ಇಲ್ಲದ ದಿನ ದನದ ಕೊಟ್ಟಿಗೆ, ಗಡಿಯಾರದ ಕಾಟವಿರಲಿಲ್ಲ. ನಿಮ್ಹಾನ್ಸ್ ವೈದ್ಯರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ, ಅವರವರ ಊರಿನಲ್ಲಿಯೇ ಚಿಕಿತ್ಸೆ ನೀಡಿ, ವರ್ಷಗಟ್ಟಲೆ ಗಮನಿಸಿದ್ದಾರೆ. ಚಿಕಿತ್ಸೆ ಪಡೆದವರ ಅಸಾಮರ್ಥ್ಯ ಕಡಿಮೆಯಾದುದು ಮತ್ತು ಹಲವರು ದುಡಿಮೆಯಲ್ಲಿ ಉಳಿದುದು ಅಲ್ಲಿ ಕಂಡುಬಂದಿದೆ. ಈಗ ನಮ್ಮ ಭಾಗದಲ್ಲಿ ದುಡಿಮೆ ಹೊಲದಿಂದ ಕಾರ್ಖಾನೆಗೆ, ಶೆಡ್ಡಿಗೆ, ಅಂಗಡಿಗೆ ಸರಿದಿದೆ. ಹಾಜರಿ ಪುಸ್ತಕ ಮತ್ತು ಪಾಳಿ ಬಂದಿವೆ. ಹಿಂದೆ ಮನೆಯ ಹಿರಿಯ ತೋರುತ್ತಿದ್ದ ಹೊಂದಾಣಿಕೆಯನ್ನು ಈಗ ಮಾಲೀಕನು ತೋರಬೇಕಾಗಿದೆ.

ಮೊದಲು ತರಬೇತಿಯೋ, ಮೊದಲು ಕೆಲಸವೋ?

ಮನೋರೋಗಿಗಳಿಗೆ ದುಡಿಮೆ ಹೊಸ ವಿಚಾರವಲ್ಲ. ನಮ್ಮ ಭಾಗದ ಹಳೆಯ ಮಾನಸಿಕ ಆಸ್ಪತ್ರೆಯಾದ ಧಾರವಾಡದ ಸಂಸ್ಥೆ, ಅಂದರೆ ಇಂದಿನ ಡಿಮ್ಹಾನ್ಸ್, 1845ರಷ್ಟು ಹಿಂದೆಯೇ ಆರಂಭವಾದುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬೇಕರಿ, ಮುದ್ರಣ, ಹೊಲಿಗೆ ಮುಂತಾದ ವಿಭಾಗಗಳಲ್ಲಿ ಚೇತರಿಸಿಕೊಳ್ಳುತ್ತಿರುವವರಿಗೆ ತರಬೇತಿ ಕೊಡಲಾಗುತ್ತದೆ. 1986ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಿಚ್ಮಂಡ್ ಫೆಲೋಶಿಪ್ ಸೊಸೈಟಿಯು ಪುನರ್ವಸತಿಯ ಕೆಲಸವನ್ನು ಶಿಡ್ಲಘಟ್ಟದಂತಹ ಗ್ರಾಮೀಣ ಭಾಗಕ್ಕೂ ಒಯ್ದಿದೆ.

ಆದರೆ 1990ರ ದಶಕದಲ್ಲಿ ಅಮೆರಿಕದ ರಾಬರ್ಟ್ ಡ್ರೇಕ್ ಮತ್ತು ಡೆಬೋರಾ ಬೆಕರ್ ಎಂಬವರು ಬೇರೊಂದು ಮಾರ್ಗವನ್ನು ರೂಪಿಸಿದರು. ವರ್ಷಗಟ್ಟಲೆ ಆಶ್ರಯದಲ್ಲಿ ತರಬೇತಿ ಕೊಟ್ಟು ನಂತರ ಕೆಲಸ ಹುಡುಕುವ ಬದಲು, ಇಚ್ಛೆಯುಳ್ಳವರಿಗೆ ಬೇಗನೆ ನಿಜವಾದ ಸಂಬಳದ ಕೆಲಸ ಹುಡುಕಿಕೊಡುವುದು. ಕೆಲಸಕ್ಕೆ ಸೇರಿದ ಮೇಲೆ ಸಹಾಯವನ್ನು ನಿಲ್ಲಿಸದೆ ಮುಂದುವರಿಸುವುದು. ಚಿಕಿತ್ಸೆ ಕೊಡುವವರೂ ಕೆಲಸ ಕೊಡಿಸುವವರೂ ಪರಸ್ಪರ ಸಂಪರ್ಕದಲ್ಲಿರುವುದು. ಇದೇ ಆ ಮಾರ್ಗದ ಸಾರ. ಯುರೋಪಿನ ಆರು ಕೇಂದ್ರಗಳಲ್ಲಿ 312 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಮಾರ್ಗದಿಂದ ಶೇ. 55ರಷ್ಟು ಜನ ಕೆಲಸ ಪಡೆದರು. ಹಳೆಯ ತರಬೇತಿ ಮಾರ್ಗದಿಂದ ಶೇ. 28 ಮಾತ್ರ.

ಲೆಕ್ಕಿಗನಾಗಿ ನಾನು ಇನ್ನೊಂದು ಕಡೆಯನ್ನೂ ಹೇಳಬೇಕು. ಉತ್ತಮ ಮಾರ್ಗದಲ್ಲಿಯೂ ನೂರಕ್ಕೆ ನಲವತ್ತೈದು ಜನರಿಗೆ ಕೆಲಸ ಸಿಗಲಿಲ್ಲ. ಎಲ್ಲರೂ ಯಶಸ್ವಿಯಾಗುತ್ತಾರೆಂದು ಭರವಸೆ ಕೊಡುವುದು ಅಸತ್ಯವಾದೀತು. ಆದರೆ ಯಾವ ಕಾಯಿಲೆಯೂ ಇಲ್ಲದ ಹೊಸ ನೌಕರರಲ್ಲಿ ನೂರಕ್ಕೆ ಎಷ್ಟು ಜನ ನಮ್ಮಲ್ಲಿ ಉಳಿಯುತ್ತಾರೆ ಎಂಬುದನ್ನು ಓದುಗರೇ ತಮ್ಮ ಪಗಾರ ಪುಸ್ತಕ ತೆರೆದು ನೋಡಿಕೊಳ್ಳಲಿ.

ಕಾನೂನು ಏನು ಹೇಳುತ್ತದೆ?

1995ರ ಅಂಗವಿಕಲರ ಕಾಯ್ದೆಯಲ್ಲಿಯೇ ಮಾನಸಿಕ ಅಸ್ವಸ್ಥತೆಯನ್ನು ಸೇರಿಸಲಾಗಿತ್ತು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ನ್ಯೂನತೆಗಳಲ್ಲಿ ಇದೂ ಒಂದು. ಈ ಕಾಯ್ದೆಯ ಪ್ರಕಾರ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು; 20 ಅಥವಾ ಹೆಚ್ಚು ನೌಕರರಿರುವಲ್ಲಿ ಯಾವ ಹುದ್ದೆಗಳು ಇಂಥವರಿಗೆ ತಕ್ಕವು, ಯಾವ ಸೌಲಭ್ಯ ಕೊಡಲಾಗುವುದು ಎಂಬ ವಿವರಗಳೂ ಅದರಲ್ಲಿರಬೇಕು. ಕಾಯ್ದೆಯನ್ನು ಉಲ್ಲಂಘಿಸಿದರೆ ಮೊದಲ ಸಲ 10,000 ರೂಪಾಯಿಗಳವರೆಗೆ, ಅನಂತರ 50,000ದಿಂದ 5 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ನಮ್ಮ ಸದಸ್ಯರಲ್ಲಿ ಬಹಳ ಜನ ಇದನ್ನು ಗಮನಿಸಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯ ವಿವರಗಳನ್ನು ಗೌಪ್ಯವಾಗಿಡುವ ಹಕ್ಕನ್ನು ಕೊಟ್ಟಿದೆ. ವೈದ್ಯಕೀಯ ವಿಮೆಯಲ್ಲಿ ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯಂತೆಯೇ ಪರಿಗಣಿಸಬೇಕೆಂದಿದೆ. ಆಸ್ಪತ್ರೆಯೊಳಗೆ ಕೂಡ ಯಾರಿಂದಲೂ ಒತ್ತಾಯದ ದುಡಿಮೆ ಮಾಡಿಸಬಾರದು, ಮಾಡಿದ ಕೆಲಸಕ್ಕೆ ತಕ್ಕ ಪ್ರತಿಫಲ ಕೊಡಬೇಕು ಎಂಬುದು ಅದರಲ್ಲಿನ ಮಹತ್ವದ ಮಾತು. ಆಸ್ಪತ್ರೆಗೇ ಈ ನಿಯಮವಿರುವಾಗ, "ಪಾಪ, ಕೂತಿರಲಿ" ಎಂದು ಊಟ ಹಾಕಿ ಅರ್ಧ ಪಗಾರಕ್ಕೆ ದುಡಿಸಿಕೊಳ್ಳುವುದನ್ನು ನಾವು ದಯೆಯೆಂದು ಕರೆಯಲಾಗದು.

ಲೆಕ್ಕದ ಮಾತು

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ತಿಂಗಳಿಗೆ 15,000 ರೂಪಾಯಿ ಪಗಾರದ ಗುಮಾಸ್ತನೊಬ್ಬನಿದ್ದಾನೆ. ತಿಂಗಳಿಗೆ 26 ದಿನಗಳಂತೆ ದಿನಕ್ಕೆ ಸುಮಾರು 577 ರೂಪಾಯಿ. ಆಸ್ಪತ್ರೆಗೆಂದು ತಿಂಗಳಿಗೊಂದು ಸಂಬಳಸಹಿತ ರಜೆ ಕೊಟ್ಟರೆ ವರ್ಷಕ್ಕೆ ಸುಮಾರು 6,900 ರೂಪಾಯಿ. ವರ್ಷಕ್ಕೊಮ್ಮೆ ಕಾಯಿಲೆ ಮರುಕಳಿಸಿ ಇಪ್ಪತ್ತು ದಿನ ಸಂಬಳರಹಿತ ರಜೆಯಲ್ಲಿದ್ದಾಗ ಬದಲಿಯವನಿಗೆ ದಿನಕ್ಕೆ 600 ರೂಪಾಯಿಯಂತೆ 12,000 ಕೊಡಬೇಕಾಗುತ್ತದೆ. ಉಳಿದ ಪಗಾರವನ್ನು ಕಳೆಯದೆ ಇಡೀ ಮೊತ್ತವನ್ನೇ ಖರ್ಚೆಂದು ಹಿಡಿಯೋಣ. ಒಟ್ಟು 18,900. ಅವನನ್ನು ಬಿಡಿಸಿ ಹೊಸಬನನ್ನು ತಂದರೆ ಮೊದಲ ಮೂರು ತಿಂಗಳು ಅರ್ಧ ಕೆಲಸವಷ್ಟೇ ಆಗುತ್ತದೆ ಎಂದುಕೊಂಡರೂ ನಷ್ಟ 22,500. ಕಲಿಸುವವನ ಸಮಯ, ಖತಾವಣಿಯಲ್ಲಿನ ತಪ್ಪುಗಳು ಬೇರೆ. ಅಂತರ ದೊಡ್ಡದಲ್ಲ, ಆದರೆ ಉಳಿಸಿಕೊಳ್ಳುವುದು ದುಬಾರಿ ಎಂಬ ನಮ್ಮ ನಂಬಿಕೆ ಲೆಕ್ಕಕ್ಕೆ ನಿಲ್ಲುವುದಿಲ್ಲ.

ಇನ್ನು ತೆರಿಗೆ. 1961ರ ಆದಾಯ ತೆರಿಗೆ ಕಾಯ್ದೆಯ 80ಜೆಜೆಎಎ ಎಂದು ನಮಗೆ ಪರಿಚಿತವಾದ ಕಡಿತವು ವಿಕಲಚೇತನರಿಗಷ್ಟೇ ಮೀಸಲಾದುದಲ್ಲ. ಆದರೆ ಅವರನ್ನು ನೇಮಿಸಿದಾಗಲೂ ದೊರೆಯುತ್ತದೆ. ಲೆಕ್ಕಪರಿಶೋಧನೆಗೆ ಒಳಪಟ್ಟ ವ್ಯವಹಾರದಲ್ಲಿ ಹೆಚ್ಚುವರಿಯಾಗಿ ನೇಮಿಸಿದ, ತಿಂಗಳಿಗೆ 25,000 ರೂಪಾಯಿ ಮೀರದ ಸಂಬಳದ, ಭವಿಷ್ಯನಿಧಿಗೆ ಸೇರಿದ, ವರ್ಷದಲ್ಲಿ 240 ದಿನ (ಸಿದ್ಧ ಉಡುಪು, ಪಾದರಕ್ಷೆ, ಚರ್ಮೋದ್ಯಮಗಳಲ್ಲಿ 150 ದಿನ) ದುಡಿದ ನೌಕರನ ಸಂಬಳದ ಶೇ. 30ರಷ್ಟನ್ನು ಮೂರು ವರ್ಷ ಕಳೆದುಕೊಳ್ಳಬಹುದು. ಮೇಲಿನ ಉದಾಹರಣೆಯಲ್ಲಿ ಇದು ವರ್ಷಕ್ಕೆ 54,000 ರೂಪಾಯಿ. ಸಂಬಳವನ್ನು ಬ್ಯಾಂಕ್ ಮೂಲಕವೇ ಕೊಟ್ಟಿರಬೇಕು. ಕೊಲ್ಹಾಪುರಿ ಚಪ್ಪಲಿ ತಯಾರಿಸುವ ನಮ್ಮ ಸದಸ್ಯರು 150 ದಿನಗಳ ರಿಯಾಯಿತಿಯನ್ನು ವಿಶೇಷವಾಗಿ ಗಮನಿಸಬೇಕು.

ಕುಟುಂಬದ ಕಡೆಯಿಂದ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಡಿಡಿ ಅಡಿಯಲ್ಲಿ ಅವಲಂಬಿತನಿಗಾಗಿ 75,000 ರೂಪಾಯಿ, ನ್ಯೂನತೆ ಶೇ. 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತವಿದೆ. ಮಗ ದುಡಿಯತೊಡಗಿ ಅವಲಂಬಿತನಾಗಿ ಉಳಿಯದಿದ್ದರೆ ಅಷ್ಟೇ ಮೊತ್ತವನ್ನು 80ಯು ಅಡಿಯಲ್ಲಿ ಅವನೇ ಪಡೆಯಬಹುದು. ಇದಕ್ಕೆ ಶೇ. 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯ ಪ್ರಮಾಣಪತ್ರ ಬೇಕು. ಮಾನಸಿಕ ಕಾಯಿಲೆಯಲ್ಲಿ ಸ್ವಂತ ಆರೈಕೆ, ಜನರೊಂದಿಗಿನ ಸಂಬಂಧ, ಸಂವಹನ ಮತ್ತು ಕೆಲಸ ಎಂಬ ನಾಲ್ಕು ಅಂಶಗಳನ್ನು ಅಳೆದು ಈ ಪ್ರಮಾಣವನ್ನು ನಿರ್ಧರಿಸುತ್ತಾರೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ಕಲಮುಗಳ ಸಂಖ್ಯೆಗಳು ಬದಲಾಗಿರುವುದರಿಂದ ವಿವರ ಸಲ್ಲಿಸುವಾಗ ತಮ್ಮ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು.

ನಾವು ಅನುಸರಿಸಬಹುದಾದ ಕ್ರಮಗಳು

1. ನಿದ್ರೆಯನ್ನು ಕಾಪಾಡಿ. ಬೈಪೋಲಾರ್ ಕಾಯಿಲೆಯಲ್ಲಿ ನಿದ್ರೆಗೆಡುವುದು ಮರುಕಳಿಕೆಗೆ ದಾರಿಯಾಗುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಮೂರು ಪಾಳಿಗಳು ಅನಿವಾರ್ಯ; ಆದರೆ ಇಂಥ ನೌಕರನನ್ನು ಹಗಲು ಪಾಳಿಯಲ್ಲಿಯೇ ಸ್ಥಿರವಾಗಿಡುವುದು ಸಾಧ್ಯ.

2. ಕೆಲಸದ ಜಾಗವನ್ನು ಯೋಚಿಸಿ ಆಯ್ಕೆ ಮಾಡಿ. ಕೆಲವು ಔಷಧಗಳಿಂದ ಬೆಳಗ್ಗೆ ಮಂಪರು, ಕೈ ನಡುಕ ಇರುತ್ತವೆ. ಔಷಧ ಹೊಸದಾಗಿ ಆರಂಭವಾದಾಗ ಗಾಣಕ್ಕೆ ಕಬ್ಬು ಕೊಡುವುದು, ಕುದಿಯುವ ಕೊಪ್ಪರಿಗೆಯ ಬಳಿ ನಿಲ್ಲುವುದು ಬೇಡ. ಲಿಥಿಯಂ ಸೇವಿಸುವವರಿಗೆ ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಔಷಧದ ಪ್ರಮಾಣ ಏರಿ ಅಪಾಯವಾಗುತ್ತದೆ. ಬೆಂಕಿಯ ಬಳಿಯ ಕೆಲಸ ಅವರಿಗಲ್ಲ.

3. ಒಬ್ಬರೇ ಹೇಳಲಿ. ಇಂದು ಮಾಲೀಕ, ನಾಳೆ ಮೇಸ್ತ್ರಿ, ನಾಡಿದ್ದು ಮಾಲೀಕನ ತಮ್ಮ ಬೇರೆಬೇರೆ ಆದೇಶ ಕೊಟ್ಟರೆ ಆರೋಗ್ಯವಂತನೂ ಗೊಂದಲಕ್ಕೀಡಾಗುತ್ತಾನೆ. ಕೆಲಸವನ್ನು ಬರೆದುಕೊಡಿ.

4. ಗುಟ್ಟು ಕಾಪಾಡಿ. ಕಾಯಿಲೆಯ ಹೆಸರು ಶೆಡ್ಡಿಗೆಲ್ಲ ಗೊತ್ತಾಗಬೇಕಿಲ್ಲ. ಹಾಸ್ಯ ಮಾಡುವವರನ್ನು ಮೊದಲ ದಿನವೇ ತಡೆಯಿರಿ.

5. ಮುನ್ಸೂಚನೆಗಳನ್ನು ಅವನಿಂದಲೇ ಕೇಳಿ ತಿಳಿಯಿರಿ. ನಿದ್ರೆ ಕಡಿಮೆಯಾಗುವುದು, ಮಾತು ಹೆಚ್ಚಾಗುವುದು ಅಥವಾ ಪೂರ್ತಿ ಮೌನವಾಗುವುದು ಕಂಡರೆ ಯಾರಿಗೆ ತಿಳಿಸಬೇಕೆಂಬುದನ್ನು ಅವನು ಚೆನ್ನಾಗಿರುವಾಗಲೇ ಒಪ್ಪಂದ ಮಾಡಿಕೊಳ್ಳಿ.

6. ಮರುಕಳಿಕೆಯನ್ನು ರಾಜೀನಾಮೆಯೆಂದು ಭಾವಿಸಬೇಡಿ. ಮರಳುವ ದಿನ ಅರ್ಧ ದಿನದ ಕೆಲಸದಿಂದ ಆರಂಭಿಸಿ.

ಎಲ್ಲಿ ಸಹಾಯ ದೊರೆಯುತ್ತದೆ?

1985ರಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಆರಂಭಿಸಿದ ಪ್ರಯೋಗವೇ ಮುಂದೆ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಆ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ 'ಮನೋಚೈತನ್ಯ' ಯೋಜನೆಯನ್ನು ರಾಜ್ಯ ಸರ್ಕಾರ ರೂಪಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ಹಾಜರಿ ಪುಸ್ತಕದ ಪಕ್ಕದ ಗೋಡೆಗೆ ಅಂಟಿಸಲು ಖರ್ಚಿಲ್ಲ.

ಕೊನೆಯ ಮಾತು

ನನ್ನ ಕಚೇರಿಯಿಂದ ಹೋದ ಯುವಕ ಎರಡು ವರ್ಷ ಮನೆಯಲ್ಲಿಯೇ ಇದ್ದ. ಅನಂತರ ಒಣದ್ರಾಕ್ಷಿ ವ್ಯಾಪಾರಿಯಾದ ನನ್ನ ಕಕ್ಷಿದಾರರೊಬ್ಬರು ದಾಸ್ತಾನು ಪುಸ್ತಕ ಬರೆಯಲು ನಂಬಿಗಸ್ತ ವ್ಯಕ್ತಿ ಬೇಕೆಂದಾಗ, ಅವನ ಒಪ್ಪಿಗೆ ಪಡೆದು ಇದ್ದ ಸಂಗತಿಯನ್ನು ಇದ್ದಂತೆ ಹೇಳಿ ಕಳುಹಿಸಿದೆ. ಅವರು ಹೆಚ್ಚೇನೂ ಮಾಡಲಿಲ್ಲ: ಸಂಜೆ ಆರಕ್ಕೆ ಮನೆಗೆ ಕಳಿಸಿದರು, ತಿಂಗಳಿಗೊಂದು ರಜೆ ಕೊಟ್ಟರು, ಪೂರ್ತಿ ಪಗಾರ ಕೊಟ್ಟರು. ಮಧ್ಯದಲ್ಲಿ ಒಮ್ಮೆ ಅವನು ಮೂರು ವಾರ ಆಸ್ಪತ್ರೆಯಲ್ಲಿದ್ದ. ಅವನ ಕುರ್ಚಿಯನ್ನು ಬೇರೆಯವರಿಗೆ ಕೊಡಲಿಲ್ಲ. ಈಗ ಅವನದು ಅಲ್ಲಿ ಆರನೆಯ ಹಂಗಾಮು. ಪ್ರತಿ ವರ್ಷ ಲೆಕ್ಕಪರಿಶೋಧನೆಗೆ ಹೋದಾಗ ಅವನ ದಾಸ್ತಾನು ಪುಸ್ತಕವನ್ನು ನಾನೇ ಪರಿಶೀಲಿಸುತ್ತೇನೆ. ಇದುವರೆಗೆ ಒಂದು ಪೆಟ್ಟಿಗೆಯ ವ್ಯತ್ಯಾಸವೂ ಕಂಡಿಲ್ಲ.

ನಮ್ಮ ಪ್ರತಿಯೊಬ್ಬ ಸದಸ್ಯರೂ ಒಂದೊಂದು ಕುರ್ಚಿಯನ್ನು ಹೀಗೆ ಕಾದಿಟ್ಟರೆ ಸಾಕು. "ಸ್ವಲ್ಪ ದಿನ ನೋಡೋಣ" ಎಂಬ ಮಾತನ್ನು ಮಾತ್ರ ಯಾವ ತಂದೆಗೂ ಹೇಳದಿರೋಣ.