ಮೂರು ಸೀಮೆಗಳು ಕೂಡುವ ಎಡೆ

ಭೂಗೋಳದ ಪಾಠದಲ್ಲಿ ನಾವು ವಿದ್ಯಾರ್ಥಿನಿಯರಿಗೆ ಆಗಾಗ್ಗೆ ಕೇಳುವ ಪ್ರಶ್ನೆಯೊಂದುಂಟು. ಕರ್ನಾಟಕದ ನಕ್ಷೆಯ ಅಂಚಿನ ಮೇಲೆ ಬೆರಳನ್ನಿಟ್ಟು ಗೋವೆಯಿಂದ ಹೊರಟು, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಪ್ರದೇಶ, ತಮಿಳುನಾಡು, ಕೇರಳ ಎಂಬ ಕ್ರಮದಲ್ಲಿ ಸುತ್ತಿ ಸಮುದ್ರವನ್ನು ಸೇರಿದರೆ, ಮೂರು ರಾಜ್ಯಗಳು ಒಂದೇ ಬಿಂದುವಿನಲ್ಲಿ ಕೂಡುವ ಎಡೆಗಳು ಎಷ್ಟು ಸಿಕ್ಕುವುವು? ಆರು ನೆರೆಯವರಿರುವುದರಿಂದ ಆರು ಎಂದು ಅವಸರದಿಂದ ಹೇಳುವವರೇ ಹೆಚ್ಚು. ಕೇರಳಕ್ಕೂ ಗೋವೆಗೂ ನಡುವೆ ಸಮುದ್ರವಿರುವುದರಿಂದ ಐದೇ ಎಂದು ಒಬ್ಬಿಬ್ಬರು ತಡೆದು ಹೇಳುವರು. ಆ ಐದರಲ್ಲಿ ನಮಗೆ ಅತ್ಯಂತ ಸಮೀಪದ್ದು ಯಾವುದೆಂದು ಮುಂದುವರಿದು ಕೇಳಿದರೆ ಮಾತ್ರ ತರಗತಿಯು ಸುಮ್ಮನಾಗುವುದು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಹೋಬಳಿಯ ಆಚೆ, ಕುಪ್ಪಂ ಸೀಮೆಯೂ ಕೃಷ್ಣಗಿರಿ ಸೀಮೆಯೂ ನಮ್ಮ ಸೀಮೆಗೆ ತಗಲುವ ಕಲ್ಲುಗುಡ್ಡಗಳ ನಡುವೆ ಅದು ಇದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಹುಟ್ಟಿ ಬೆಳೆದವರೂ ಅದನ್ನು ಅರಿಯದಿರುವುದು ಆಶ್ಚರ್ಯವಲ್ಲ, ಏಕೆಂದರೆ ಅಲ್ಲಿ ನೋಡತಕ್ಕದ್ದೆಂದು ಯಾರೂ ಏನನ್ನೂ ಕಟ್ಟಿಲ್ಲ.

ಬೇರೆ ದೇಶಗಳಲ್ಲಿ ಹೀಗಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಯೂಟಾ, ಕೊಲೊರಾಡೊ, ನ್ಯೂ ಮೆಕ್ಸಿಕೊ, ಅರಿಜೋನಾ ಎಂಬ ನಾಲ್ಕು ಸಂಸ್ಥಾನಗಳು ಒಂದೇ ಬಿಂದುವಿನಲ್ಲಿ ಕೂಡುವುವು. ಆ ದೇಶದಲ್ಲಿ ಅಂಥ ಸ್ಥಳವು ಅದೊಂದೇ. ಅಲ್ಲಿ ಒಂದು ಸ್ಮಾರಕವನ್ನು ಕಟ್ಟಿರುವರು. ಪ್ರವಾಸಿಗಳು ಕೈಕಾಲುಗಳನ್ನು ಚಾಚಿ ಏಕಕಾಲದಲ್ಲಿ ನಾಲ್ಕು ಸಂಸ್ಥಾನಗಳಲ್ಲಿ ತಾವಿದ್ದೇವೆಂದು ನಗುತ್ತ ಚಿತ್ರ ತೆಗೆಯಿಸಿಕೊಳ್ಳುವರು. ಈ ವಿನೋದಕ್ಕಿಂತಲೂ ಅದರ ಹಿಂದಿನ ಕಥೆಯೇ ನಮಗೆ ಹೆಚ್ಚು ಬೋಧಕವಾದುದು. 1875ರಲ್ಲಿ ಚಾಂಡ್ಲರ್ ರಾಬಿನ್ಸ್ ಎಂಬ ಮೋಜಣಿದಾರನು ಅಲ್ಲಿ ಮೊದಲಿನ ಕಲ್ಲನ್ನು ನೆಟ್ಟನು. ಕಾಗದದಲ್ಲಿ ಬರೆದ ರೇಖಾಂಶಕ್ಕೂ ಆತನು ನೆಟ್ಟ ಕಲ್ಲಿಗೂ ಸುಮಾರು 1800 ಅಡಿಗಳ ಅಂತರವಿರುವುದೆಂದು ಈಗಿನ ಸೂಕ್ಷ್ಮ ಯಂತ್ರಗಳಿಂದ ತಿಳಿದುಬಂದಿದೆ. ಹಾಗಾದರೆ ಕಲ್ಲನ್ನು ಕೀಳಬೇಕೋ? ಬೇಕಿಲ್ಲ. ಗಡಿಯನ್ನು ಅಳೆದು ಗುರುತಿಸಿ, ಎರಡು ಪಕ್ಷದವರೂ ಅದನ್ನು ಒಪ್ಪಿ ಬಹುಕಾಲ ನಡೆದುಕೊಂಡ ಮೇಲೆ, ಅಳತೆಯಲ್ಲಿ ತಪ್ಪಿದ್ದರೂ ನೆಲದ ಮೇಲಿನ ಗುರುತೇ ಗಡಿಯೆಂಬ ನ್ಯಾಯವನ್ನು ಆ ದೇಶದ ಶ್ರೇಷ್ಠ ನ್ಯಾಯಾಲಯವು 1925ರಲ್ಲಿ ನ್ಯೂ ಮೆಕ್ಸಿಕೊ ಮತ್ತು ಕೊಲೊರಾಡೊಗಳ ವ್ಯಾಜ್ಯದಲ್ಲಿ ಎತ್ತಿಹಿಡಿಯಿತು. ನಮ್ಮ ಹಳ್ಳಿಯ ರೈತನಿಗೆ ಇದನ್ನು ಹೇಳಿದರೆ ಆತನು ಬೆರಗಾಗನು. ಬಾಂದುಕಲ್ಲು ಎಲ್ಲಿದೆಯೋ ಅಲ್ಲಿಗೇ ಹೊಲವು ಮುಗಿಯಿತೆಂಬುದು ಆತನಿಗೆ ಅಜ್ಜನ ಕಾಲದಿಂದ ತಿಳಿದ ಸಂಗತಿ.

ಆದರೆ ಅಮೆರಿಕಾದ ಆ ಗಡಿಗಳು ಅಕ್ಷಾಂಶ ರೇಖಾಂಶಗಳನ್ನು ಹಿಡಿದು ಎಳೆದ ನೇರವಾದ ಗೀಟುಗಳು. ನಮ್ಮ ಗಡಿಯು ಹಾವಿನಂತೆ ಡೊಂಕಾಗಿದೆ. ಇದನ್ನು ಯಾರೂ ಒಂದು ದಿನದಲ್ಲಿ ಬರೆಯಲಿಲ್ಲ. ಯುದ್ಧ, ಒಪ್ಪಂದ, ಪಾಳೆಯಪಟ್ಟು, ಕಂದಾಯ ಇವೆಲ್ಲವೂ ಸೇರಿ ಬರೆದುದು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪು ಸುಲ್ತಾನನು ಬಾರಾಮಹಲನ್ನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಡಬೇಕಾಯಿತು. ಕೃಷ್ಣಗಿರಿಯು ಆ ಸೀಮೆಯಲ್ಲಿತ್ತು. ಟಿಪ್ಪುವಿನ ತಂದೆ ಹೈದರಾಲಿಯು ಹುಟ್ಟಿದ ಬೂದಿಕೋಟೆಯು ನಮ್ಮ ಕಡೆಯಲ್ಲಿ ಉಳಿದು, ಕೆಲವೇ ಮೈಲಿಗಳ ಆಚೆಯ ಊರುಗಳು ಪರರಾಜ್ಯವಾದುವು. 1799ರಲ್ಲಿ ಟಿಪ್ಪುವು ಮಡಿದು, ಮೈಸೂರು ರಾಜ್ಯವು ಒಡೆಯರ ಮನೆತನಕ್ಕೆ ಮರಳಿದಾಗ, ಹೊಸ ರಾಜ್ಯದ ಎಲ್ಲೆಯು ಎಲ್ಲಿಂದ ಎಲ್ಲಿಗೆಂದು ನೆಲದ ಮೇಲೆ ನಡೆದು ನೋಡುವ ಅಗತ್ಯವುಂಟಾಯಿತು. ಕರ್ನಲ್ ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ಮೈಸೂರಿನ ಮೋಜಣಿಯು ಆರಂಭವಾದುದು ಈ ಕಾರಣದಿಂದಲೇ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗಿದೆ. ಏಕೆಂದರೆ ನಮ್ಮ ಊರು ಹುಟ್ಟಿದುದೇ ಈ ಗಡಿಯ ಕೆಲಸದಿಂದ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬವನು ಮೈಸೂರಿನ ಪೂರ್ವದ ಎಲ್ಲೆಯನ್ನು ಗುರುತಿಸಲು ಬಂದಿದ್ದನು. ಯರ್ರಕೊಂಡ ಬೆಟ್ಟದ ಸಮೀಪದಲ್ಲಿರುವಾಗ, ಈ ನೆಲದಲ್ಲಿ ಚಿನ್ನವಿದೆಯೆಂಬ ಅಸ್ಪಷ್ಟವಾದ ಸುದ್ದಿಯು ಆತನ ಕಿವಿಗೆ ಬಿದ್ದಿತು. ತೋರಿಸಿದವರಿಗೆ ಬಹುಮಾನವನ್ನು ಕೊಡುವೆನೆಂದು ಆತನು ಸಾರಲು, ಊರಿಗಾಂ ಗ್ರಾಮದವರು ಬಂದರು. ಹೆಂಗಸರು ಮಣ್ಣನ್ನು ಗುಡಿಸಿ, ಕೇರಿ, ನೀರಿನಲ್ಲಿ ತೊಳೆದು, ತಳದಲ್ಲಿ ಉಳಿದ ಹೊಳೆಯುವ ಕಣಗಳನ್ನು ಆತನ ಕಣ್ಣೆದುರಿಗೇ ತೋರಿಸಿದರು. ವಾರೆನನು ಬರೆದಿಟ್ಟ ವರದಿಯು ಬಹುಕಾಲ ಮಲಗಿತ್ತು. ಎಪ್ಪತ್ತು ವರ್ಷಗಳ ತರುವಾಯ ಅದನ್ನೋದಿದ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನು ಮೈಸೂರು ಸರಕಾರದಿಂದ ಗಣಿಯ ಪರವಾನಗಿಯನ್ನು ಪಡೆದನು. 1880ರ ಸುಮಾರಿಗೆ ಜಾನ್ ಟೇಲರ್ ಕಂಪೆನಿಯವರು ಬಂದರು. ಮಿಕ್ಕುದು ನಮ್ಮ ವಾಚಕರ ಮನೆಮನೆಯಲ್ಲಿಯೂ ತಿಳಿದ ಕಥೆ. ಗಡಿಯನ್ನು ಹುಡುಕಬಂದವನ ಹೆಸರು ಉಳಿದಿದೆ. ಚಿನ್ನವನ್ನು ಕೇರಿ ತೋರಿಸಿದ ಊರಿಗಾಮಿನ ಹೆಂಗಸರ ಹೆಸರುಗಳು ನಮ್ಮವರೆಗೆ ಬರಲಿಲ್ಲ. ಹೆಣ್ಣುಮಕ್ಕಳ ಶಾಲೆಯೊಂದರ ಸಂಚಿಕೆಯಲ್ಲಿ ಇಷ್ಟನ್ನಾದರೂ ಹೇಳಿ ಮುಂದೆ ಸಾಗಬೇಕೆಂದು ನಮಗೆ ತೋರಿತು.

ಆಗ ಇಲ್ಲಿ ಎರಡೇ ಸೀಮೆಗಳು: ಇತ್ತ ಮೈಸೂರು, ಅತ್ತ ಮದರಾಸು. ಕುಪ್ಪಂ ಪಟ್ಟಣವು ಕಂಗುಂದಿ ಜಮೀನ್ದಾರಿಗೆ ಸೇರಿ ಉತ್ತರ ಆರ್ಕಾಟಿನಲ್ಲಿದ್ದು, 1911ರಲ್ಲಿ ಚಿತ್ತೂರು ಜಿಲ್ಲೆಯಾದಾಗ ಅದರೊಳಗೆ ಹೋಯಿತು. ಕೃಷ್ಣಗಿರಿಯು ಸೇಲಂ ಜಿಲ್ಲೆಯಲ್ಲಿತ್ತು. ಜಿಲ್ಲೆಗಳ ನಡುವಣ ಗೀಟನ್ನು ಜನರು ಅಷ್ಟಾಗಿ ಗಮನಿಸಲಿಲ್ಲ. ಮೈಸೂರಿನ ಗೀಟು ಮಾತ್ರ ಒಮ್ಮೊಮ್ಮೆ ಗಟ್ಟಿಯಾಗಿ ಕಾಣುತ್ತಿತ್ತು. 1937ರ ಅಕ್ಟೋಬರ್ 1ರಂದು ರಾಜಗೋಪಾಲಾಚಾರ್ಯರ ಮಂತ್ರಿಮಂಡಲವು ಪಾನನಿರೋಧವನ್ನು ಮೊಟ್ಟಮೊದಲು ಜಾರಿಗೆ ತಂದುದು ಸೇಲಂ ಜಿಲ್ಲೆಯಲ್ಲಿ. ಮರುವರ್ಷ ಅದು ಚಿತ್ತೂರಿಗೂ ಬಂದಿತು. ಎಲ್ಲೆಯ ಆ ಬದಿಯಲ್ಲಿ ಹೆಂಡದಂಗಡಿಗೆ ಬೀಗ, ಈ ಬದಿಯಲ್ಲಿ ಬಾಗಿಲು ತೆರೆದಿದೆ! ಸಂಬಳದ ದಿನ ಗಂಡನು ಯಾವ ದಿಕ್ಕಿಗೆ ನಡೆಯುವನೆಂದು ಕಾದು ಕುಳಿತ ಹೆಂಡತಿಗೆ ಈ ಗೀಟಿನ ಅರ್ಥವನ್ನು ಯಾವ ನಕ್ಷೆಯೂ ಕಲಿಸಬೇಕಾಗಿರಲಿಲ್ಲ.

ಮೂರನೆಯ ಸೀಮೆಯು ಉದಯಿಸಿದುದು 1953ರ ಅಕ್ಟೋಬರ್ 1ರಂದು. ಅಂದು ಆಂಧ್ರ ರಾಜ್ಯವು ಮದರಾಸಿನಿಂದ ಬೇರ್ಪಟ್ಟು, ಚಿತ್ತೂರು ಜಿಲ್ಲೆಯೊಡನೆ ಕುಪ್ಪಂ ಅದಕ್ಕೆ ಸೇರಿತು. ಹಿಂದಿನ ರಾತ್ರಿಯವರೆಗೆ ಜಿಲ್ಲೆಯ ಗುರುತಾಗಿದ್ದ ಕಲ್ಲುಗಳು ಬೆಳಗಾಗುವುದರೊಳಗೆ ರಾಜ್ಯದ ಗುರುತುಗಳಾದುವು. ಕಲ್ಲು ಅಲುಗಲಿಲ್ಲ. ಎರಡು ವರ್ಷಗಳ ಮೇಲೆ ರಾಜ್ಯ ಪುನರ್ವಿಂಗಡಣಾ ಆಯೋಗವು ತೆಲುಗು ಮಾತನಾಡುವವರು ಬಹುಮಂದಿಯಿರುವ ನಮ್ಮ ಕೋಲಾರ ಜಿಲ್ಲೆಯ ವಿಷಯವನ್ನೂ ವಿಚಾರಿಸಿ, ಅದು ಕನ್ನಡ ನಾಡಿನಲ್ಲಿಯೇ ಇರತಕ್ಕದ್ದೆಂದು ಸಲಹೆಯಿತ್ತಿತು. ಆಮೇಲೆ ಹೆಸರುಗಳು ಬದಲಾದುವು. ಮದರಾಸು 1969ರಲ್ಲಿ ತಮಿಳುನಾಡಾಯಿತು. ಮೈಸೂರು 1973ರಲ್ಲಿ ಕರ್ನಾಟಕವಾಯಿತು. ಕೃಷ್ಣಗಿರಿಯ ಕಡೆಯ ನೆಲವಂತೂ ಬಾರಾಮಹಲು, ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ ಎಂದು ಜಿಲ್ಲೆಯ ಹೆಸರನ್ನು ಸೀರೆ ಬದಲಿಸಿದಂತೆ ಬದಲಿಸಿಕೊಂಡಿತು.

ಇಷ್ಟು ಶ್ರಮದಿಂದ ನಿಲ್ಲಿಸಿದ ಎಲ್ಲೆಯನ್ನು ಸೃಷ್ಟಿಯು ಗಣನೆಗೆ ತಂದುಕೊಂಡಂತೆ ಕಾಣುವುದಿಲ್ಲ. ಮೊದಲು ಕಲ್ಲನ್ನೇ ನೋಡೋಣ. ನಮ್ಮ ಚಿನ್ನವನ್ನು ಹೊತ್ತ ಕೋಲಾರದ ಶಿಲಾಪಟ್ಟಿಯು ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರು ಉದ್ದವಿದ್ದು, ಅಗಲದಲ್ಲಿ ಕೆಲವೇ ಕಿಲೋಮೀಟರುಗಳಷ್ಟಿದೆ. ಸುಮಾರು 270 ಕೋಟಿ ವರ್ಷಗಳ ಹಿಂದಿನದೆಂದು ಭೂಶಾಸ್ತ್ರಜ್ಞರು ಗಣಿಸಿರುವ ಈ ಪಟ್ಟಿಯು ಚಾಂಪಿಯನ್ ರೀಫಿನಿಂದ ಮಾರಿಕುಪ್ಪಕ್ಕೆ, ಅಲ್ಲಿಂದ ಆಂಧ್ರದ ಬಿಸಾನತ್ತಂ, ಚಿಗರಗುಂಟ ಗ್ರಾಮಗಳಿಗೆ ಹಾದು, ಕೃಷ್ಣಗಿರಿಯ ದಿಕ್ಕಿಗೆ ಸಾಗುವುದು. ಚಿಗರಗುಂಟದಲ್ಲಿಯೂ ಭಾರತ್ ಗೋಲ್ಡ್ ಮೈನ್ಸ್‌ನವರೇ ಚಿನ್ನವನ್ನು ತೆಗೆಯುತ್ತಿದ್ದರು. ನಮ್ಮ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದಾಗ ಎಲ್ಲೆಯ ಆಚೆಯ ಕೆಲಸಗಾರರ ಒಲೆಯೂ ನಮ್ಮ ಒಲೆಯೊಡನೆಯೇ ಆರಿತು.

ನೀರಿನ ಮಾತು ಇದಕ್ಕಿಂತಲೂ ಕಠಿಣವಾದುದು. ನಂದಿಯ ಕಡೆಯ ಎತ್ತರದಲ್ಲಿ ಹುಟ್ಟುವ ಪಾಲಾರು ನದಿಯು ಬೇತಮಂಗಲದ ಕೆರೆಯನ್ನು ತುಂಬಿ, ಆಂಧ್ರದ ನೆಲದಲ್ಲಿ ಸ್ವಲ್ಪ ದೂರ ಹರಿದು, ತಮಿಳುನಾಡಿನಲ್ಲಿ ತನ್ನ ದಾರಿಯ ಹೆಚ್ಚಿನ ಭಾಗವನ್ನು ಕಳೆದು ಬಂಗಾಳ ಕೊಲ್ಲಿಯನ್ನು ಸೇರುವುದು. ಗಣಿಯ ಕಾಲದಲ್ಲಿ ನಾವು ಕುಡಿದುದು ಬೇತಮಂಗಲದ ನೀರನ್ನೇ. 1892ರಲ್ಲಿಯೇ ಮೈಸೂರು ಮದರಾಸುಗಳು ನದಿಗಳ ಬಗ್ಗೆ ಒಂದು ಒಪ್ಪಂದವನ್ನು ಬರೆದುಕೊಂಡಿದ್ದುವು. ಪಾಲಾರು ಅದರ ಪಟ್ಟಿಯಲ್ಲಿದೆ. ಆದರೂ ಕುಪ್ಪಂ ಕಡೆಯಲ್ಲಿ ಆಂಧ್ರವು ಅಣೆಯನ್ನು ಕಟ್ಟಲು ಹೊರಟಾಗ ತಮಿಳುನಾಡು 2006ರಲ್ಲಿ ಶ್ರೇಷ್ಠ ನ್ಯಾಯಾಲಯದ ಮೆಟ್ಟಿಲೇರಿತು. ನಮ್ಮ ತಾಲ್ಲೂಕಿನ ಯರಗೋಳಿನಲ್ಲಿ ಮಾರ್ಕಂಡೇಯ ಹೊಳೆಗೆ ಕುಡಿಯುವ ನೀರಿಗಾಗಿ ಕಟ್ಟಿದ ಅಣೆಯನ್ನು ಕುರಿತೂ ವ್ಯಾಜ್ಯವಾಗಿ, 2019ರ ನವೆಂಬರಿನಲ್ಲಿ ತಮಿಳುನಾಡಿನ ಅರ್ಜಿಯನ್ನು ನ್ಯಾಯಾಲಯವು ತಳ್ಳಿಹಾಕಿತು. ನಾವು ಈ ಕಡೆಯವರಾದುದರಿಂದ ಸಂತೋಷಪಟ್ಟುದು ಸಹಜ. ಆದರೆ ಅದೇ ಹೊಳೆಯ ಕೆಳಗೆ ಕೊಡ ಹಿಡಿದು ನಿಲ್ಲುವವಳೂ ನಮ್ಮಂಥವಳೇ ಎಂಬುದನ್ನು ಯಾವ ತೀರ್ಪೂ ಅಳಿಸಲಾರದು. ಮಳೆಯು ಚೆನ್ನಾಗಿ ಬಿದ್ದ ವರ್ಷಗಳಲ್ಲಿ ಈ ವ್ಯಾಜ್ಯಗಳು ತಾವಾಗಿಯೇ ಮಲಗುವುವು. ಕೋಲಾರದಲ್ಲಿ ಅಂಥ ವರ್ಷಗಳು ಎಷ್ಟೆಂಬುದು ವಾಚಕರಿಗೆ ಗೊತ್ತಿದೆ.

ಇನ್ನು ಆನೆಗಳು. ಸುಮಾರು ಇನ್ನೂರು ವರ್ಷಗಳ ಕಾಲ ಈ ಪ್ರಾಂತ್ಯದಲ್ಲಿ ಕಾಡಾನೆಗಳಿರಲಿಲ್ಲ. 1980ರ ದಶಕದಲ್ಲಿ ಹೊಸೂರಿನ ಕಡೆಯ ಕಾಡುಗಳಿಂದ ಅವು ಹಿಂಡಾಗಿ ಹೊರಟು, ಕೃಷ್ಣಗಿರಿಯ ಗುಡ್ಡಗಳನ್ನು ದಾಟಿ ಕುಪ್ಪಂ, ಪಲಮನೇರು ಕಾಡುಗಳನ್ನು ಸೇರಿದುವು. ಅವುಗಳಿಗಾಗಿಯೇ ಆಂಧ್ರ ಸರಕಾರವು 1990ರಲ್ಲಿ ಕೌಂಡಿನ್ಯ ಅಭಯಾರಣ್ಯವನ್ನು ಏರ್ಪಡಿಸಿತು. ಅಭಯಾರಣ್ಯದ ಗಡಿಯು ಆನೆಗಳಿಗೆ ತಿಳಿಯದು. ರಾಗಿಯು ತೆನೆಗಟ್ಟುವ ಕಾಲಕ್ಕೆ ಅವು ಕಾಮಸಮುದ್ರದ ಕಡೆಗೆ ಇಳಿಯುವುವು. ಇಲ್ಲಿಯವರು ಪಟಾಕಿ ಹೊಡೆದು ಆಚೆಗೆ ಅಟ್ಟುವರು, ಆಚೆಯವರು ತಮ್ಮ ಬೆಳೆಯನ್ನು ಉಳಿಸಿಕೊಳ್ಳಲು ಈಚೆಗೆ ಅಟ್ಟುವರು. ಮೂರು ಸರಕಾರಗಳ ಅರಣ್ಯ ಸಿಬ್ಬಂದಿಯೂ ತಮ್ಮ ತಮ್ಮ ಎಲ್ಲೆಯವರೆಗೆ ಬಂದು ನಿಲ್ಲುವರು. ಈ ಆಟದಲ್ಲಿ ಸತ್ತ ರೈತರಿದ್ದಾರೆ, ಸತ್ತ ಆನೆಗಳೂ ಇವೆ. ಅಟ್ಟುವುದು ಉಪಾಯವಲ್ಲವೆಂಬುದು ನಮ್ಮ ಅಭಿಪ್ರಾಯ. ಮೂರು ಕಡೆಯವರೂ ಒಟ್ಟಿಗೆ ಕುಳಿತು ಒಂದೇ ನಕ್ಷೆಯನ್ನು ನೋಡುವ ತನಕ ಹೊಲದಲ್ಲಿ ರಾತ್ರಿ ಕಾವಲಿರುವವನಿಗೆ ನಿದ್ರೆಯಿಲ್ಲ.

ಮಾತಿನ ವಿಷಯದಲ್ಲಿ ಎಲ್ಲೆಯು ಇನ್ನೂ ದುರ್ಬಲವಾದುದು. ಗಣಿಗೆಂದು ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಓದಿದ ಊರು ನಮ್ಮದು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಪರೀಕ್ಷೆಗೆ ಕನ್ನಡ ಎಂಬುದು ಇಲ್ಲಿಯ ಹುಡುಗಿಗೆ ಸಾಹಸವೆನಿಸಲಿಲ್ಲ. ಕಷ್ಟವು ಕಾಣುವುದು ಶಾಲೆಯನ್ನು ಬಿಟ್ಟ ಮೇಲೆ. ಕುಪ್ಪಂ, ವೇಪನಪಲ್ಲಿ ಮೊದಲಾದ ಕಡೆಗೆ ಮದುವೆಯಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು, ಹತ್ತು ಹನ್ನೆರಡು ಮೈಲಿಗಳ ಆಚೆಯ ಕಚೇರಿಯಲ್ಲಿ ತಾವು ಯಾವ ರಾಜ್ಯದವರೆಂದು ರುಜುವಾತು ಮಾಡಲು ವರ್ಗಾವಣೆಯ ಪತ್ರ, ವಾಸದ ಪತ್ರಗಳೆಂದು ಅಲೆದುದನ್ನು ನಮ್ಮೊಡನೆ ಹೇಳಿಕೊಂಡಿರುವರು. ಒಬ್ಬಾಕೆಗೆ ಆ ಕಚೇರಿಯ ಗುಮಾಸ್ತನು, ನಿಮ್ಮ ಪತ್ರವು ನಮಗೆ ಓದಲು ಬಾರದ ಲಿಪಿಯಲ್ಲಿದೆಯೆಂದು ಹಿಂದಕ್ಕೆ ಕೊಟ್ಟನಂತೆ. ಆಕೆಯು ಅಲ್ಲಿಯೇ ಕುಳಿತು, ಪಂಕ್ತಿ ಪಂಕ್ತಿಯಾಗಿ ತೆಲುಗಿನಲ್ಲಿ ಓದಿ ಹೇಳಿದಳಂತೆ. ಎರಡು ಲಿಪಿಗಳೂ ಅಕ್ಕತಂಗಿಯರೆಂದು ಪಾಠದಲ್ಲಿ ಹೇಳಿದ್ದಿರಲ್ಲಾ ಎಂದು ನಗುತ್ತ ನಮಗೆ ತಿಳಿಸಿದಳು. ಆದರೂ ಪತ್ರಕ್ಕೆ ಮೊಹರು ಬಿದ್ದುದು ಮೂರನೆಯ ಸಲ ಹೋದಾಗ.

ಸ್ಮಾರಕವೆಂದು ಏನಾದರೂ ಈ ಮುಕ್ಕೂಟದ ಬಳಿಯಲ್ಲಿ ಇದ್ದರೆ ಅದು ಕುಪ್ಪಂನ ದ್ರಾವಿಡ ವಿಶ್ವವಿದ್ಯಾನಿಲಯವೆಂದು ನಾವು ಎಣಿಸುತ್ತೇವೆ. 1997ರಲ್ಲಿ ಆಂಧ್ರಪ್ರದೇಶ ಸರಕಾರವು ನೆರೆಯ ದಕ್ಷಿಣದ ರಾಜ್ಯಗಳ ಸಹಕಾರದಿಂದ ಅದನ್ನು ಸ್ಥಾಪಿಸಿತು. ಮೂರು ಸೀಮೆಗಳು ಕೂಡುವ ಎಡೆಯೆಂದೇ ಕುಪ್ಪಂ ಪಟ್ಟಣವನ್ನು ಆರಿಸಿದುದು. ತೆಲುಗು, ತಮಿಳು, ಕನ್ನಡಗಳೂ, ಲಿಪಿಯಿಲ್ಲದ ಸಣ್ಣ ಸಣ್ಣ ದ್ರಾವಿಡ ನುಡಿಗಳೂ ಒಂದೇ ಆವರಣದಲ್ಲಿ ಅಭ್ಯಾಸಕ್ಕೆ ವಿಷಯವಾಗಿರುವುದು ಅಲ್ಲಿ. ಕೈಕಾಲುಗಳನ್ನು ಚಾಚಿ ಚಿತ್ರ ತೆಗೆಯಿಸಿಕೊಳ್ಳಲು ಅಲ್ಲಿ ಚಪ್ಪಡಿಯಿಲ್ಲ, ಅಷ್ಟೇ.

ಮೂರು ಸೀಮೆಗಳನ್ನೂ ಒಂದೇ ಬೆಳಿಗ್ಗೆ ನೋಡಲು ಬಯಸುವವರಿಗೆ ಗುಡ್ಡ ಹತ್ತುವ ಅಗತ್ಯವಿಲ್ಲ. 1864ರಲ್ಲಿ ತೆರೆದ ಬೆಂಗಳೂರು ಜೋಲಾರಪೇಟೆಯ ರೈಲುಮಾರ್ಗವು ಇದನ್ನು ನಮಗಾಗಿ ಮಾಡಿಟ್ಟಿದೆ. ಬಂಗಾರಪೇಟೆಯಲ್ಲಿ ನಿಧಾನವಾಗಿ ನಿಂತುನಿಂತು ಹೋಗುವ ಗಾಡಿಯನ್ನೇ ಹತ್ತಿ, ಕಿಟಕಿಯ ಪಕ್ಕದಲ್ಲಿ ಕುಳಿತು, ನಿಲ್ದಾಣಗಳ ಹಲಗೆಗಳನ್ನು ಓದುತ್ತಾ ಹೋಗಿರಿ. ಕಾಮಸಮುದ್ರದಲ್ಲಿ ಕನ್ನಡದ ಅಕ್ಷರ. ಬಿಸಾನತ್ತಂ ಬಂದಾಗ ತಲೆಕಟ್ಟು ಬದಲಾಗಿ ತೆಲುಗು. ಗುಡುಪಲ್ಲಿ, ಕುಪ್ಪಂ, ಮಲ್ಲಾನೂರು ಕಳೆದು ಪಚ್ಚೂರಿಗೆ ಬರುವ ಹೊತ್ತಿಗೆ ತಮಿಳು. ಗಾಡಿಯು ಎಲ್ಲಿಯೂ ಎಲ್ಲೆಗೆಂದು ನಿಲ್ಲುವುದಿಲ್ಲ. ಒಳಗೆ ಕಡಲೆಕಾಯಿ ಮಾರುವವನು ಮೂರು ಭಾಷೆಗಳಲ್ಲಿಯೂ ಒಂದೇ ಬೆಲೆಯನ್ನು ಕೂಗುವನು.